ಈ ಆನೆ ಅದೇ ಆನೆ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಹೋಗಿದ್ದಾಗ ಜೀಪಿನ ಚಾಲಕರು ದೂರದಲ್ಲಿ ಮೇಯುತ್ತಿದ್ದ ಹೆಣ್ಣಾನೆಯೊಂದನ್ನು ತೋರಿಸಿ, ಅದು ತಮಗೆ ಹಲವು ವರ್ಷಗಳಿಂದ ಗೊತ್ತಿರುವ ಆನೆ ಎಂದರು. ನಮಗೆ ಎಲ್ಲವೂ ಒಂದೇ ತೆರನಾಗಿ ಕಂಡವು. ಹೀಗೆ ಗುರುತಿಸುವುದು ನಿಜಕ್ಕೂ ಸಾಧ್ಯವೇ? ಅದರಿಂದ ವಿಜ್ಞಾನಕ್ಕೆ ಆಗುವ ಲಾಭವೇನು?
(ಓದುಗರೊಬ್ಬರು, ಹುಣಸೂರು)

ಉತ್ತರ: ಖಂಡಿತ ಸಾಧ್ಯ. ಆದರೆ ಆನೆಯನ್ನು ಇಡಿಯಾಗಿ ನೋಡುವುದನ್ನು ಬಿಟ್ಟು ಅದರ ಕಿವಿ, ಬಾಲಗಳನ್ನು ನೋಡಲು ಕಲಿಯಬೇಕು. ಸಲಗಗಳಲ್ಲಿ ದಂತದ ಉದ್ದ ಮತ್ತು ಬಾಗು ನೆರವಾಗುತ್ತವೆ. 2022ರಲ್ಲಿ ಸತ್ತ ಕಬಿನಿಯ ಭೋಗೇಶ್ವರನನ್ನು, ನೆಲ ಮುಟ್ಟುವಂತಿದ್ದ ದಂತಗಳಿಂದಾಗಿ, ಮೊದಲ ಸಲ ಕಾಡಿಗೆ ಬಂದವರೂ ಗುರುತಿಸುತ್ತಿದ್ದರು. ನಮ್ಮ ಹೆಣ್ಣಾನೆಗಳಿಗೆ ಅಂಥ ದಂತವಿಲ್ಲ. ಆದ್ದರಿಂದ ಕಿವಿಯ ಮೇಲಂಚು ಮುಂದಕ್ಕೆ ಮಡಚಿದೆಯೋ ಹಿಂದಕ್ಕೋ, ಅಂಚು ಎಲ್ಲಿ ಹರಿದಿದೆ, ತೂತು ಎಲ್ಲಿದೆ, ಬಾಲ ಎಷ್ಟು ಉದ್ದವಿದೆ, ಅದರ ತುದಿಯ ಕೂದಲು ಎರಡೂ ಬದಿಗಿದೆಯೋ ಒಂದು ಬದಿ ಉದುರಿದೆಯೋ ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಬಲಗಿವಿಯ ಕೆಳಗೆ ಹೆಬ್ಬೆರಳಗಲದ ಹರುಕು ಇದೆ ಎಂದಷ್ಟೇ ಬರೆದುಕೊಂಡರೆ ಸಾಲದು, ಏಕೆಂದರೆ ಅದು ಮುಂದೆ ಇನ್ನಷ್ಟು ಹರಿಯಬಹುದು, ವಯಸ್ಸಾದಂತೆ ಮಡಿಕೆಯೂ ಹೆಚ್ಚುತ್ತದೆ. ಹಲವು ಗುರುತುಗಳು ಹಳೆಯ ಛಾಯಾಚಿತ್ರಗಳೊಂದಿಗೆ ಒಟ್ಟಿಗೆ ಹೊಂದಿದಾಗ ಮಾತ್ರ ಅದೇ ಆನೆ ಎನ್ನಬಹುದು. ಮೈಯ ಬಣ್ಣವನ್ನು ನಂಬಬೇಡಿ. ನೀವು ಕಂಡ ಬಣ್ಣದಲ್ಲಿ ಹೆಚ್ಚಿನ ಪಾಲು ಮಣ್ಣಿನದು.

ಲಾಭವೇನೆಂಬುದಕ್ಕೆ ನೀವು ಹೋಗಿದ್ದ ಜಾಗವೇ ಉದಾಹರಣೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಟಿ.ಎನ್.ಸಿ. ವಿದ್ಯಾ ಮತ್ತು ಅವರ ತಂಡ 2009ರಿಂದ ಆ ಹಿನ್ನೀರಿನ ಆನೆಗಳನ್ನು ಒಂದೊಂದಾಗಿ ಗುರುತಿಸಿ ದಾಖಲಿಸುತ್ತ ಬಂದಿದೆ. ಅಲ್ಲಿ ಒಮ್ಮೆಗೆ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಕೆಲವೇ ಹೆಣ್ಣಾನೆಗಳ ಗುಂಪು. ಬರೀ ತಲೆಯೆಣಿಸಿ ಹೋಗುವವರು ಆ ಪುಟ್ಟ ಗುಂಪೇ ಇಡೀ ಕುಟುಂಬವೆಂದು ತಿಳಿಯುತ್ತಾರೆ. ಯಾವ ಆನೆ ಯಾವುದೆಂದು ಗೊತ್ತಿದ್ದವರಿಗೆ ಕಂಡದ್ದು ಬೇರೆ: ಇಂದು ಒಬ್ಬರೊಡನೆ ಇದ್ದ ಆನೆ ನಾಳೆ ಇನ್ನೊಬ್ಬರೊಡನೆ ಇರುತ್ತದೆ, ಆದರೂ ಈ ಕೂಡುವ ಬಿಡುವ ಆಟವೆಲ್ಲ ಒಂದು ದೊಡ್ಡ ಬಳಗದ ಒಳಗೇ ನಡೆಯುತ್ತದೆ. ಕೀನ್ಯಾದ ಸಂಬುರುವಿನಲ್ಲಿ ಹೆಚ್ಚು ದೊಡ್ಡ ಗುಂಪುಗಳಲ್ಲಿ ತಿರುಗುವ ಆಫ್ರಿಕದ ಆನೆಗಳ ಸಾಮಾಜಿಕ ಬದುಕಿಗೂ ಇದಕ್ಕೂ ಒಳಗಿಂದ ಸಾಕಷ್ಟು ಹೋಲಿಕೆಯಿದೆ ಎಂಬುದು ಈ ದಾಖಲೆಗಳಿಂದಲೇ ತಿಳಿದುಬಂತು.

ಇನ್ನು ಹೆಸರಿನ ವಿಚಾರ. 1960ರಲ್ಲಿ ಇಂದಿನ ಟಾಂಜಾನಿಯಾದ ಗೊಂಬೆ ಎಂಬಲ್ಲಿನ ಕಾಡಿನಲ್ಲಿ ಚಿಂಪಾಂಜಿಗಳ ಅಧ್ಯಯನ ಆರಂಭಿಸಿದ ಜೇನ್ ಗುಡಾಲ್ ಅವುಗಳಿಗೆ ಹೆಸರಿಟ್ಟಾಗ, ಸಂಖ್ಯೆ ಕೊಡಬೇಕಿತ್ತು ಎಂದು ವಿದ್ವಾಂಸರು ಆಕ್ಷೇಪಿಸಿದ್ದರು. ಆದರೆ 1972ರಲ್ಲಿ ಫ್ಲೋ ಎಂಬ ಮುದಿ ತಾಯಿ ಸತ್ತ ತಿಂಗಳೊಳಗೇ ಸತ್ತ ಫ್ಲಿಂಟ್ ಅವಳ ಮಗನೆಂಬುದು ಗೊತ್ತಿದ್ದರಿಂದಲೇ ಆ ಎರಡು ಸಾವುಗಳ ನಂಟು ಅರ್ಥವಾಯಿತು. ಹೆಸರಿರಲಿ ಸಂಖ್ಯೆಯಿರಲಿ, ಗುರುತು ಸರಿಯಾಗಿರಬೇಕು, ಅಷ್ಟೇ. ನನಗೆ ಅಳುಕಿರುವುದು ಹೆಸರು ಪ್ರಸಿದ್ಧವಾದ ಮೇಲೆ ಆ ಪ್ರಾಣಿಯ ಸುತ್ತ ಸೇರುವ ಜೀಪುಗಳ ಬಗ್ಗೆ.

ಪ್ರಶ್ನೆ: ಕಾಡಿನಿಂದ ದೂರವಿರುವ ನಮ್ಮ ಶಾಲೆಯ ಮಕ್ಕಳಿಂದ ಇಂಥ ಅಧ್ಯಯನ ಮಾಡಿಸಬಹುದೇ?
(ಶಿಕ್ಷಕಿಯೊಬ್ಬರು, ತಿಪಟೂರು)

ಉತ್ತರ: ಊರಿನ ಗುಡಿಯ ಬಳಿ ಕೋತಿಗಳಿದ್ದರೆ ಅವುಗಳಿಂದಲೇ ಆರಂಭಿಸಿ. ಹರಿದ ಕಿವಿ, ಮುಖದ ಗಾಯದ ಕಲೆ, ಮೊಟಕಾದ ಬಾಲ, ಸೊಟ್ಟಗಾದ ಬೆರಳು ಎಂದು ಒಂದೊಂದಕ್ಕೂ ಒಂದು ಪುಟ ಮೀಸಲಿಡಿ; ಯಾವ ಮರಿ ಯಾವ ತಾಯಿಯದೆಂದು ಮೊದಲ ದಿನದಿಂದಲೇ ಬರೆದಿಡಿ, ಬೆಳೆದ ಮೇಲೆ ಅದನ್ನು ತಿಳಿಯುವುದು ಕಷ್ಟ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ಬೆಳೆದ ಮೇಲೆ ಬೇರೆ ಗುಂಪಿಗೆ ಹೋಗುತ್ತವೆ. ಆದ್ದರಿಂದ ಪುಸ್ತಕದಲ್ಲಿದ್ದ ಗಂಡೊಂದು ಕಾಣದಾದರೆ ಕೂಡಲೇ ಸತ್ತಿತೆಂದು ಬರೆಯಬಾರದು. ಗುರುತು ಹಿಡಿಯುವ ನೆಪದಲ್ಲಿ ಮಕ್ಕಳು ತಿನಿಸು ಹಾಕದಂತೆ ನೋಡಿಕೊಳ್ಳಿ. ಕಚ್ಚುವ ಅಪಾಯ ಒಂದು ಕಡೆಯಾದರೆ, ತಿನಿಸಿಗಾಗಿ ಕಾಯುವ ಕೋತಿಗಳ ನಡವಳಿಕೆಯೇ ಬದಲಾಗಿ ದಾಖಲೆ ಕೆಡುವುದು ಇನ್ನೊಂದು ಕಡೆ.