ಕಂಪನಿ ಮುಖ್ಯಸ್ಥರು ಕೆಳಹಂತದ ನೌಕರರ ಕೆಲಸ ಮಾಡಿ ನೋಡಬೇಕಾ?

ಮಾಡಿ ನೋಡಬೇಕು. ಆದರೆ ಫೋಟೊಗಾಗಿ ಅರ್ಧ ಗಂಟೆ ಅಲ್ಲ, ಪೂರ್ತಿ ಶಿಫ್ಟ್.

ಕೆಳಗಿನ ಸುದ್ದಿ ಮೇಲೆ ಹೋಗುವಷ್ಟರಲ್ಲಿ ಸೋಸಿ ಹೋಗಿರುತ್ತದೆ. ಕೆಲಸಗಾರ ಸೂಪರ್‌ವೈಸರ್‌ಗೆ ಹೇಳುತ್ತಾನೆ. ಅವನು ಬೈಸಿಕೊಳ್ಳಬಾರದೆಂದು ಮೆತ್ತಗೆ ಮಾಡಿ ಮ್ಯಾನೇಜರ್‌ಗೆ ಹೇಳುತ್ತಾನೆ. ಬಾಸ್‌ಗೆ ತಲುಪುವುದು 'ಎಲ್ಲ ಸರಿಯಿದೆ ಸಾರ್' ಮಾತ್ರ.

ನಮ್ಮ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್‌ನಲ್ಲಿ ಗಲಾಟೆ ಆಯಿತಲ್ಲ, ಅದರ ಹಿಂದೆ ಇದ್ದದ್ದು ಸಂಬಳದ ದೂರು. ಕೆಲಸದ ಗಂಟೆಗಳ ಲೆಕ್ಕ ಇಡುವ ವ್ಯವಸ್ಥೆ ಸರಿಯಿರಲಿಲ್ಲ, ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರ ಸಂಬಳ ತಡವಾಯಿತು ಎಂದು ಆಪಲ್ ಕಂಪನಿಯೇ ಹೇಳಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ದೊಡ್ಡವರೊಬ್ಬರು ಕೆಲಸಗಾರರ ಜೊತೆ ಹಾಜರಿ ಪಂಚ್ ಮಾಡಿ, ತಿಂಗಳ ಕೊನೆಗೆ ಸಂಬಳದ ಚೀಟಿ ತಾಳೆ ನೋಡಿದ್ದರೆ ಇದು ಮೊದಲೇ ಕಣ್ಣಿಗೆ ಬೀಳುತ್ತಿತ್ತು ಅನ್ನೋದು ನನ್ನ ಅನಿಸಿಕೆ.

ಇದಕ್ಕೂ ಮಿತಿ ಇದೆ. ಒಂದು ಶಿಫ್ಟ್‌ನಲ್ಲಿ ಕಾಲುನೋವು ಗೊತ್ತಾಗುತ್ತದೆ, ಸಂಬಳ ತಡವಾದಾಗ ರೂಮಿನ ಬಾಡಿಗೆ ಹೊಂದಿಸುವ ಕಷ್ಟ ಗೊತ್ತಾಗುವುದಿಲ್ಲ. ಬಾಸ್‌ನ ಯಾರೂ ಗದರಿಸುವುದೂ ಇಲ್ಲ, ಅಲ್ವಾ? ಅದಕ್ಕೇ ಹೆಸರು ಹೇಳದೆ ದೂರು ಕೊಡುವ ದಾರಿಯೂ ಬೇಕು. ಆ ದೂರು ಸೂಪರ್‌ವೈಸರ್ ಕೈ ದಾಟದೆ ನೇರವಾಗಿ ಮೇಲೆ ಹೋಗಬೇಕು.