ಡಿಗ್ರಿಯಲ್ಲಿ ಕ್ವಿಜ್ ಗೆದ್ದವನು ಕೋಚಿಂಗ್, ಪ್ರಶ್ನೆ ಬರೆಯುವುದನ್ನೇ ಜೀವನೋಪಾಯ ಮಾಡಿಕೊಳ್ಳಬಹುದೇ?

ನೀವು ಚಿಂತಾಮಣಿ ಊರಿನವರು, ಅಂತರಕಾಲೇಜು ಕ್ವಿಜ್‌ಗಳಲ್ಲಿ ಕಪ್ ಗೆದ್ದಿದ್ದೀರಿ, ಬೆಂಗಳೂರಿಗೆ ಹೋಗದೆ ಇದರಲ್ಲೇ ಬದುಕಬಹುದೇ ಅಂತ ಕೇಳಿದ್ದೀರಿ. ನಾನೂ ಆಡಿಯೇ ಈ ಕಡೆ ಬಂದವನು. ಈಗ ಕೋಲಾರದಲ್ಲಿ ಶಾಲಾ ತಂಡಗಳಿಗೆ ಹೇಳಿಕೊಡುತ್ತೇನೆ, ಪ್ರಶ್ನೆ ಬರೆದುಕೊಡುತ್ತೇನೆ. ಬದುಕಬಹುದು. ಆದರೆ ‘ಕಪ್ ಗೆದ್ದವನಿಗೆ ಪ್ರಶ್ನೆ ಬರೆಯುವುದು ಏನು ಮಹಾ’ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪುವುದಿಲ್ಲ. ಆಡುವವನಿಗೆ ಉತ್ತರ ಗೊತ್ತಿದ್ದರೆ ಸಾಕು. ಬರೆಯುವವನಿಗೆ ಬೇರೆ ಯಾವ ಉತ್ತರವೂ ಸರಿಹೋಗುವುದಿಲ್ಲ ಅನ್ನುವುದೂ ಖಾತ್ರಿಯಾಗಿರಬೇಕು.

ಈ ಕೆಲಸದಲ್ಲಿ ಹೆಸರು ಕೆಡಿಸುವುದು ಎರಡು ಉತ್ತರವಿರುವ ಪ್ರಶ್ನೆ. ಉದಾಹರಣೆಗೆ ದೂರ ಹೋಗಬೇಕಿಲ್ಲ. ಸೆಪ್ಟೆಂಬರ್ 15 ಬಂತೆಂದರೆ ನಮ್ಮ ಕಡೆ ಕ್ವಿಜ್‌ಗಳಲ್ಲಿ ‘ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಊರು ಯಾವ ಜಿಲ್ಲೆಯಲ್ಲಿದೆ?’ ಬಂದೇ ಬರುತ್ತದೆ. ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ನಿಜ. ಆದರೆ ಆ ಜಿಲ್ಲೆ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಶಾಲೆಯ ಲೈಬ್ರರಿಯಲ್ಲಿರುವ ಹಳೆಯ ಪುಸ್ತಕ ಓದಿಕೊಂಡು ಬಂದ ಹುಡುಗಿ ಕೋಲಾರ ಅನ್ನುತ್ತಾಳೆ. ಅಂಕ ಕೊಡದಿದ್ದರೆ ಅವಳ ಮೇಷ್ಟ್ರು ಪುಸ್ತಕ ಹಿಡಿದು ವೇದಿಕೆಗೆ ಬರುತ್ತಾರೆ; ಕೊಟ್ಟರೆ ಪಕ್ಕದ ತಂಡ ಎದ್ದು ನಿಲ್ಲುತ್ತದೆ. ಹೋಗಲಿ, ಹುಟ್ಟಿದ ಇಸವಿ ಕೇಳೋಣ ಅಂದರೆ ಅದೂ ಕೆಲವು ಕಡೆ 1860, ಕೆಲವು ಕಡೆ 1861. ಹಾಗಾದರೆ ಹೀಗೆ ಕೇಳಿ: ‘1955ರಲ್ಲಿ ನೆಹರೂ ಮತ್ತು ಭಗವಾನ್ ದಾಸ್ ಜೊತೆಗೆ ಭಾರತರತ್ನ ಪಡೆದ ಮೈಸೂರಿನ ಮಾಜಿ ದಿವಾನರು ಯಾರು?’ ಉತ್ತರ ಒಂದೇ. ಮಿಗಿಲಾಗಿ, ಇಸವಿ ಗೊತ್ತಿಲ್ಲದ ಮಗುವೂ ‘ದಿವಾನರು’ ಅನ್ನುವ ಎಳೆ ಹಿಡಿದು ಯೋಚಿಸಿ ಹೇಳಬಹುದು.

ಇದಕ್ಕಿಂತ ಅಪಾಯ ‘ಮೊದಲ’, ‘ಅತಿ ದೊಡ್ಡ’, ‘ಏಷ್ಯಾದಲ್ಲೇ’ ಅನ್ನುವ ಪ್ರಶ್ನೆಗಳದ್ದು. ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಶಿವನಸಮುದ್ರ ಅಂತ ಎಷ್ಟೋ ಜನ ಕಣ್ಣುಮುಚ್ಚಿಕೊಂಡು ಬರೆಯುತ್ತಾರೆ. ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ 1897ರಲ್ಲೇ ಶುರುವಾಗಿತ್ತು. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದದ್ದು 1902ರಲ್ಲಿ. ‘ಮೊದಲ’ ಬಿಟ್ಟು, ‘1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಬಂದದ್ದು ಯಾವ ನದಿಯ ನೀರಿನಿಂದ?’ ಅಂತ ಕೇಳಿ. ಜಲಪಾತ ಯಾವುದು ಅಂತ ಮಾತ್ರ ಕೇಳಬೇಡಿ. ಒಬ್ಬ ಶಿವನಸಮುದ್ರ ಅನ್ನುತ್ತಾನೆ, ಇನ್ನೊಬ್ಬ ಅಲ್ಲಿನದೇ ಕವಲಾದ ಗಗನಚುಕ್ಕಿ ಅನ್ನುತ್ತಾನೆ, ನೀವು ಮತ್ತೆ ಪಂಚಾಯ್ತಿಗೆ ಕೂರಬೇಕು.

ತಡೆಯುವ ದಾರಿ ಇದೆ. ಪ್ರಶ್ನೆ ಬರೆದ ಮೇಲೆ ಉತ್ತರ ಮುಚ್ಚಿಟ್ಟು, ಸುಳಿವುಗಳನ್ನಷ್ಟೇ ಹಿಡಿದು ಹುಡುಕಿ; ಬೇರೊಂದು ಹೆಸರು ಹೊಂದಿದರೆ ಸುಳಿವು ಬಿಗಿ ಮಾಡಿ. ಎರಡು ಆಧಾರ ಬೇಕು, ಒಂದನ್ನೊಂದು ನಕಲು ಹೊಡೆದ ಎರಡು ಜಾಲತಾಣಗಳಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಪ್ರಶ್ನೆ, ಉತ್ತರ, ಒಪ್ಪಬಹುದಾದ ಪರ್ಯಾಯ ಉತ್ತರ, ಆಧಾರ, ಪರಿಶೀಲಿಸಿದ ದಿನಾಂಕ ಅಂತ ಐದು ಕಾಲಂ ಇಡಿ. ದಿನಾಂಕ ಯಾಕೆಂದರೆ ಪ್ರಶ್ನೆ ಹಳಸುತ್ತದೆ: 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ‘ರಾಜ್ಯದ ಜಿಲ್ಲೆಗಳು 30’ ಅನ್ನುವ ಪ್ರಶ್ನೆಗಳೆಲ್ಲ ಕಸದಬುಟ್ಟಿಗೆ ಹೋದವು.

ಹೀಗೆ ಮಾಡಿದರೆ ಒಂದು ಪ್ರಶ್ನೆಗೆ ಅರ್ಧ ಗಂಟೆ ಹಿಡಿಯುತ್ತದೆ. ಫೈನಲ್‌ಗೆ ತಂಡ ಆರಿಸುವ ಪ್ರಿಲಿಮ್ಸ್ ಸುತ್ತಿಗೆ 25, ಆರು ತಂಡಗಳ ಫೈನಲ್‌ಗೆ 48, ಮೀಸಲು 7 ಅಂದರೆ 80 ಪ್ರಶ್ನೆ, 40 ಗಂಟೆ. ದರ ಹೇಳುವಾಗ ಈ 40 ಗಂಟೆಯನ್ನು ಹೇಳಿ, ವೇದಿಕೆ ಮೇಲಿನ ಎರಡು ಗಂಟೆಯನ್ನಲ್ಲ. ಪ್ರಿಲಿಮ್ಸ್‌ನ 25ರಲ್ಲಿ ಐದಕ್ಕೆ ಮೊದಲೇ ನಕ್ಷತ್ರ ಹಾಕಿಡಿ, ಅಂಕ ಸಮವಾದಾಗ ತಂಡ ಆರಿಸಲು. ಆರನೇ ತಂಡಕ್ಕೆ 12–13 ಅಂಕ ಬಂದರೆ ಹದ ಸರಿ ಇದೆ. ಮೊದಲ ತಂಡಕ್ಕೇ 9 ಬಂದರೆ ನೀವು ಮಕ್ಕಳಿಗಲ್ಲ, ನಿಮ್ಮ ಹಳೆಯ ಎದುರಾಳಿಗಳಿಗೆ ಬರೆದಿದ್ದೀರಿ.

ಕನ್ನಡ ಸ್ಲೈಡ್‌ಗಳನ್ನು ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದರೆ, ಆ ಫಾಂಟ್ ಇಲ್ಲದ ಶಾಲೆಯ ಲ್ಯಾಪ್‌ಟಾಪ್‌ನಲ್ಲಿ ಅಕ್ಷರದ ಬದಲು ಚಿಹ್ನೆಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಬರೆದು ಒಂದು ಪಿಡಿಎಫ್ ಪ್ರತಿಯನ್ನೂ ಇಟ್ಟುಕೊಳ್ಳಿ. ಪಿಡಿಎಫ್‌ನಲ್ಲಿ ಹಾಡು, ವಿಡಿಯೋ ಓಡದು, ಅವನ್ನು ಬೇರೆ ಫೋಲ್ಡರ್‌ನಲ್ಲಿ ಹಾಕಿ. ಪ್ರೊಜೆಕ್ಟರ್‌ಗೆ ಎಚ್‌ಡಿಎಂಐಯಿಂದ ವಿಜಿಎಗೆ ಹಾಕುವ ಕನೆಕ್ಟರ್ ಚೀಲದಲ್ಲಿರಲಿ.

ಕೋಚಿಂಗ್ ಬಗ್ಗೆ ನನ್ನದು ಮೊಂಡು ಅಭಿಪ್ರಾಯ: ಸಾಮಾನ್ಯ ಜ್ಞಾನದ ಗೈಡ್ ಬಾಯಿಪಾಠ ಮಾಡಿಸುವುದು ಕೋಚಿಂಗ್ ಅಲ್ಲ. ವಾರಕ್ಕೊಂದು ತರಗತಿ, 20 ಪ್ರಶ್ನೆ, 90 ನಿಮಿಷ ಸಾಕು. ಪ್ರಶ್ನೆ ಓದಿ, ತಂಡದ ಮೂವರೂ ತಮಗೆ ಹೊಳೆದದ್ದನ್ನು ಗಟ್ಟಿಯಾಗಿ ಹೇಳಲಿ, ಯಾವ ಪದದಿಂದ ಹೊಳೆಯಿತು ಅಂತ ಕೇಳಿ. ತಪ್ಪಿದ ಉತ್ತರಗಳಿಗೆ ಪ್ರತ್ಯೇಕ ನೋಟ್‌ಬುಕ್, ಮುಂದಿನ ವಾರ ಅದರಿಂದ ಐದು ಮತ್ತೆ. ಯಾರು ಅಂತಿಮ ಉತ್ತರ ಹೇಳಬೇಕೆಂದು ಮೊದಲೇ ಗೊತ್ತು ಮಾಡಿ. ಸರಿ ಉತ್ತರ ತಂಡದೊಳಗೇ ಪಿಸುಗುಟ್ಟಿ ಸಾಯುವುದು ಬಹಳ.

ಶಾಲೆ ಕ್ವಿಜ್ ಜೂನ್‌ನಿಂದ ಜನವರಿವರೆಗೆ; ಆಮೇಲೆ ಪರೀಕ್ಷೆ, ರಜೆ. ಆ ತಿಂಗಳುಗಳ ಅನ್ನ ಎಫ್‌ಡಿಎ, ಪಿಡಿಒದಂಥ ಸರ್ಕಾರಿ ನೌಕರಿ ಪರೀಕ್ಷೆಗಳ ಮಾದರಿ ಪ್ರಶ್ನೆಪತ್ರಿಕೆಯಲ್ಲಿದೆ. ಅಲ್ಲಿ ಕಷ್ಟ ಸರಿ ಉತ್ತರದ್ದಲ್ಲ, ಮೂರು ತಪ್ಪು ಆಯ್ಕೆಗಳದ್ದು. ಡಿವಿಜಿ ಹುಟ್ಟಿದ ಊರು ಮುಳಬಾಗಿಲು ಅಂತ ಕೇಳುವಾಗ ಉಳಿದ ಮೂರು ಹುಬ್ಬಳ್ಳಿ, ಬೀದರ್, ಉಡುಪಿ ಇಟ್ಟರೆ ಓದದವನೂ ಪಾಸು; ಅದೇ ಕೋಲಾರ ಜಿಲ್ಲೆಯ ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ ಇಡಿ.

ಹಣದ ಮಾತನ್ನು ಬರಹದಲ್ಲಿ ಮುಗಿಸಿ. ಅರ್ಧ ಮುಂಗಡ, ಉಳಿದರ್ಧ ಕ್ವಿಜ್ ನಡೆದ ದಿನವೇ. ಅದೇ ಸೆಟ್ ಅನ್ನು ಒಂದು ವರ್ಷ ಅದೇ ಜಿಲ್ಲೆಯಲ್ಲಿ ಬಳಸಬೇಡಿ, ಗೆಲ್ಲುವ ತಂಡಗಳು ಎಲ್ಲ ಕಡೆಗೂ ಬರುತ್ತವೆ. ಸರ್ಕಾರಿ ಶಾಲೆಗೆ ಬೇಕಾದರೆ ಪುಕ್ಕಟೆ ಮಾಡಿಕೊಡಿ. ಸ್ಪಾನ್ಸರ್ ಬ್ಯಾನರ್ ಕಟ್ಟಿದ ಕಾಲೇಜು ಫೆಸ್ಟ್‌ಗೆ ‘ನಿಮಗೂ ಪ್ರಚಾರ ಸಿಗುತ್ತೆ’ ಅಂದರೆ ಬೇಡ ಅನ್ನಿ.