ಅವನಿಗೆ ನೋವು ಗೊತ್ತಾಗಲ್ಲ

"ಫಾರಿನ್‌ಗೆ ಕರ್ಕೊಂಡು ಹೋದ್ರೆ ಇವನಿಗೆ ಒಳ್ಳೆ ಚಿಕಿತ್ಸೆ ಸಿಗುತ್ತಾ?" ಬೌದ್ಧಿಕ ಅಂಗವೈಕಲ್ಯ ಇರುವವರ ಮನೆಯವರು ಕೊಡಗಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಗಳೋ ಅಣ್ಣನ ಮಗನೋ ಹೊರದೇಶದಲ್ಲಿರುತ್ತಾರೆ, ಅಲ್ಲಿನ ಆಸ್ಪತ್ರೆಗಳ ಬಗ್ಗೆ ಫೋನಿನಲ್ಲಿ ಹೇಳಿರುತ್ತಾರೆ. ಈ ಪ್ರಕರಣ ಬರೆಯಲು ಆ ಪ್ರಶ್ನೆಯೇ ಕಾರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.

ಸೋಮವಾರಪೇಟೆ ಕಡೆಯ ತಾಯಿ, ಎರಡು ಎಕರೆ ಕಾಫಿ ತೋಟ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬುದ್ಧಿ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ 24 ವರ್ಷದ ಮಗ. ಮಗಳು ಇಂಗ್ಲೆಂಡಿನಲ್ಲಿ ನರ್ಸ್. ಕಾಫಿ ಕೊಯ್ಲಿನ ಹೊತ್ತಿಗೆ ಹುಡುಗ ತನ್ನ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರುಮಾಡಿದ. ಒಂದು ಕಡೆ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಬರೆದುಕೊಟ್ಟರು. ಕಡಿಮೆಯಾಗಲಿಲ್ಲವೆಂದು 1 ಮಿಲಿಗ್ರಾಂ ಇದ್ದದ್ದು 2 ಆಯಿತು. ಹಗಲೆಲ್ಲ ತೂಕಡಿಕೆ, ಬಾಯಲ್ಲಿ ಜೊಲ್ಲು. ಹೊಡೆದುಕೊಳ್ಳುವುದು ಮಾತ್ರ ನಿಲ್ಲಲಿಲ್ಲ. ತಾಯಿ ನನ್ನ ಬಳಿ ಆಪ್ತಸಲಹೆಗೆ ಬಂದದ್ದು ಮಗನ ಸಿಟ್ಟು ಇಳಿಸುವ ದಾರಿ ಕೇಳಲು.

ಎರಡನೇ ಭೇಟಿಯಲ್ಲಿ ಅವರಿಗೆ ಕೇಳಿದ್ದು ಊಟದ ವಿಚಾರ. ಡಿಸೆಂಬರಿನಿಂದ ಈಚೆಗೆ ಅವನು ಏನೇನು ಬಿಟ್ಟ? ತಾಯಿ ನೆನಪು ಮಾಡಿಕೊಂಡು ಹೇಳುತ್ತಾ ಹೋದರು. ಮೊದಲು ಚಕ್ಕುಲಿ ಬಿಟ್ಟ. ಆಮೇಲೆ ಅಕ್ಕಿ ರೊಟ್ಟಿ. ಕಡಂಬುಟ್ಟನ್ನು (ಅಕ್ಕಿಯ ಕಡುಬು) ಸಾರಿನಲ್ಲಿ ನೆನೆಸಿಕೊಟ್ಟರೆ ತಿನ್ನುತ್ತಿದ್ದ, ಈಗ ಅದೂ ಇಲ್ಲ, ಬರೀ ಗಂಜಿ. ತಣ್ಣೀರು ಕೊಟ್ಟರೆ ಲೋಟ ತಳ್ಳುತ್ತಾನೆ. ಅಷ್ಟು ಹೊತ್ತೂ ಹುಡುಗ ಪಕ್ಕದಲ್ಲಿ ಕೂತು ಬಿಸ್ಕತ್ತನ್ನು ಎಡದವಡೆಗೆ ಬೆರಳಿನಿಂದ ದೂಡಿಕೊಂಡು ಚೀಪುತ್ತಿದ್ದ, ತಲೆ ಒಂದು ಪಕ್ಕಕ್ಕೆ ವಾಲಿತ್ತು. ಹಲ್ಲು ನೋಡಿಸಿದ್ದೀರಾ ಎಂದದ್ದಕ್ಕೆ ತಾಯಿ ತಟ್ಟನೆ ಹೇಳಿದರು: "ಅವನಿಗೆ ನೋವು ಗೊತ್ತಾಗಲ್ಲ. ಕೈ ಸುಟ್ಕೊಂಡಾಗಲೂ ಅಳಲಿಲ್ಲ."

ಈ ಮಾತು ತಾಯಿಯದಷ್ಟೇ ಅಲ್ಲ, ಎಷ್ಟೋ ವೈದ್ಯರದ್ದೂ ಹೌದು. ನೋವು ಎನ್ನುವ ಪದ ಬಾರದವರಿಗೆ ನೋವೇ ಇಲ್ಲ ಅಂದುಕೊಂಡುಬಿಡುತ್ತೇವೆ. ಹೊಡೆದುಕೊಂಡರೆ, ಕಿರುಚಿದರೆ, ನಿದ್ದೆಗೆಟ್ಟರೆ "ಆ ಕಾಯಿಲೆಯೇ ಹಾಗೆ" ಎಂದು ಮುಗಿಸುತ್ತೇವೆ. ಅಂಗವೈಕಲ್ಯದ ನೆರಳಲ್ಲಿ ಬೇರೆ ರೋಗ ಮುಚ್ಚಿಹೋಗುವುದು ಎಲ್ಲ ದೇಶಗಳಲ್ಲೂ ಇದೆ. ಇಂಗ್ಲೆಂಡಿನಲ್ಲಿ 2013ರಲ್ಲಿ ಹೊರಬಂದ ವಿಚಾರಣಾ ವರದಿಯ ಪ್ರಕಾರ ಬೌದ್ಧಿಕ ಅಂಗವೈಕಲ್ಯ ಇರುವ ಗಂಡಸರು ಉಳಿದವರಿಗಿಂತ 13 ವರ್ಷ, ಹೆಂಗಸರು 20 ವರ್ಷ ಮೊದಲೇ ಸಾಯುತ್ತಿದ್ದರು. ಬ್ರಿಸ್ಟಲ್‌ನಲ್ಲಿ 2016ರಲ್ಲಿ ಆಲಿವರ್ ಮೆಕ್‌ಗೋವನ್ ಎಂಬ 18ರ ಹುಡುಗ ತೀರಿಕೊಂಡ. ಅವನೂ ಮನೆಯವರೂ ಬೇಡವೆಂದಿದ್ದ ಮನೋರೋಗದ ಔಷಧಿಯನ್ನು ಆಸ್ಪತ್ರೆಯಲ್ಲಿ ಕೊಟ್ಟಿದ್ದರು. ಆ ಸಾವಿನ ನಂತರವೇ ಅಲ್ಲಿ 2022ರ ಕಾಯ್ದೆಯ ಮೂಲಕ ಆರೋಗ್ಯ ಸಿಬ್ಬಂದಿಗೆ ಈ ಬಗ್ಗೆ ತರಬೇತಿ ಕಡ್ಡಾಯವಾಯಿತು. ಮಗಳು ವರ್ಣಿಸುವ ವ್ಯವಸ್ಥೆ ಇಂಥ ಸಾವುಗಳನ್ನು ದಾಟಿ ಬಂದದ್ದು.

ಹಾಗೆಂದು ಅಲ್ಲಿಂದ ಕಲಿಯುವುದೇನೂ ಇಲ್ಲ ಎಂದಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದೇ ತರಬೇತಾದ ವೈದ್ಯರಿದ್ದಾರೆ, 2000ದಲ್ಲಿ ಅದನ್ನು ಪ್ರತ್ಯೇಕ ವೈದ್ಯಕೀಯ ವಿಭಾಗವಾಗಿಯೇ ಮಾನ್ಯ ಮಾಡಿದರು. ಅಂಥದ್ದು ಮಡಿಕೇರಿಯಲ್ಲಿ ಇವತ್ತು ಸಿಗುವುದಿಲ್ಲ. ಆದರೆ ಇಂಗ್ಲೆಂಡಿನ ಎರಡು ಪದ್ಧತಿಗಳಿಗೆ ಖರ್ಚು ಕಡಿಮೆ. ಒಂದು, 14 ತುಂಬಿದ ಮೇಲೆ ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ, ಕಾಯಿಲೆ ಇರಲಿ ಬಿಡಲಿ. ಆಸ್ಟ್ರೇಲಿಯಾದಲ್ಲೂ ಮೆಡಿಕೇರ್ ಅಡಿಯಲ್ಲಿ ಇದು ಉಂಟು. ಎರಡು, ರೋಗಿಯ ಜೊತೆ ಆಸ್ಪತ್ರೆಗೆ ಹೋಗುವ ಪರಿಚಯ ಹಾಳೆ. ಅದಕ್ಕೆ ಅಲ್ಲಿ ಪಾಸ್‌ಪೋರ್ಟ್ ಅನ್ನುತ್ತಾರೆ. ನಿಮ್ಮ ಮಗನಿಗೆ ಬೇಕಾದ ಪಾಸ್‌ಪೋರ್ಟ್ ಇದು ಎಂದೇ ತಾಯಿಗೆ ಹೇಳಿದ್ದು.

ಮೊದಲ ಸಲಹೆ: ಇದೇ ವಾರ ದಂತವೈದ್ಯರು, ಜೊತೆಗೆ ಕಿವಿ. ಡೌನ್ ಸಿಂಡ್ರೋಮ್‌ನಲ್ಲಿ ವಸಡಿನ ರೋಗ ಬೇಗ ಬರುತ್ತದೆ, ಕಿವಿಯ ನಾಳ ಕಿರಿದಾದ್ದರಿಂದ ಗುಗ್ಗೆ ಕಟ್ಟುತ್ತದೆ. ಹೋಗುವ ಮೊದಲು ನಾಲ್ಕು ದಿನ ಮನೆಯಲ್ಲಿ ಚಮಚ, ಟಾರ್ಚ್ ಹಿಡಿದು ಬಾಯಿ ತೆರೆಯುವ ಆಟ ಆಡಿಸಬೇಕು. ಬೆಳಗಿನ ಮೊದಲ ಟೋಕನ್ ಕೇಳಿ ಪಡೆಯಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಚಿಕಿತ್ಸೆಗೆ ಆದ್ಯತೆ ಎಂದು ಇದೆ, ಕೇಳಲು ಸಂಕೋಚ ಬೇಡ. ಪಿಂಚಣಿಗೆಂದು ಬೀರುವಿನಲ್ಲಿಟ್ಟ ಯುಡಿಐಡಿ ಕಾರ್ಡು (ಅಂಗವೈಕಲ್ಯದ ಗುರುತಿನ ಚೀಟಿ) ಕೈಯಲ್ಲಿರಲಿ. ಅರಿವಳಿಕೆ ಕೊಡುವುದಾದರೆ ಡೌನ್ ಸಿಂಡ್ರೋಮ್ ಎಂದು ಮೊದಲೇ ಹೇಳಲೇಬೇಕು. ಕತ್ತಿನ ಮೂಳೆಗಳ ಕೀಲು ಸಡಿಲವಿರಬಹುದು, ಹೃದಯದ ತೊಂದರೆಯೂ ಇರಬಹುದು.

ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು ಎಂದು ಎರಡು ಸಲ ಹೇಳಬೇಕಾಯಿತು. ಬದಲಿಗೆ ಕ್ಯಾಲೆಂಡರ್‌ನಲ್ಲಿ ಏಳು ದಿನ ಗುರುತು ಹಾಕಿ: ಎಷ್ಟು ಗಂಟೆಗೆ ಹೊಡೆದುಕೊಂಡ, ಅದಕ್ಕೆ ಮೊದಲು ಏನು ತಿಂದ, ಎಷ್ಟು ಮಲಗಿದ, ಮಲವಿಸರ್ಜನೆ ಆಯಿತೇ. ಮಲಬದ್ಧತೆ ಇವರಲ್ಲಿ ಪ್ರಾಣಕ್ಕೇ ಎರವಾದದ್ದುಂಟು, ರಿಸ್ಪೆರಿಡೋನ್ ಅದನ್ನು ಹೆಚ್ಚಿಸಲೂಬಹುದು. ಮೂರು ದಿನ ಆಗದಿದ್ದರೆ ಕಾಯಬಾರದು. ಆ ಕ್ಯಾಲೆಂಡರ್ ನೋಡಿ ಮಾತ್ರೆಯ ಪ್ರಮಾಣ ಇಳಿಸುವುದು ವೈದ್ಯರ ಕೆಲಸ.

ಆಪ್ತಸಲಹೆಗೆ ಬಂದವರನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸುವುದೇ ಎಂಬ ಆಕ್ಷೇಪ ಬಂತು. ಬರಲಿ. ಮಾತು ಬಾರದವರ ನಡವಳಿಕೆ ಏಕಾಏಕಿ ಬದಲಾದರೆ ಹಲ್ಲು, ಕಿವಿ, ಹೊಟ್ಟೆ, ಮೂತ್ರ, ಹೊಸ ಮಾತ್ರೆ, ಹೆಣ್ಣುಮಕ್ಕಳಾದರೆ ಮುಟ್ಟು, ಇಷ್ಟನ್ನೂ ನೋಡದೆ ಮನಸ್ಸಿಗೆ ಕೈಹಾಕುವುದು ಅನ್ಯಾಯ. ಕೀವು ತುಂಬಿದ ದವಡೆಗೆ ಸಮಾಧಾನದ ಮಾತು ನಾಟುವುದಿಲ್ಲ.

ಕೀವೇ ಇತ್ತು, ಬಲಗಡೆ ಕೆಳದವಡೆಯ ಹಲ್ಲಿನ ಬುಡದಲ್ಲಿ. ಹಲ್ಲು ಕಿತ್ತ ಎರಡನೇ ವಾರ ಅವನು ರೊಟ್ಟಿ ಕೇಳಿದ. ಹೊಡೆದುಕೊಳ್ಳುವುದು ಬಹಳ ಇಳಿಯಿತು, ಪೂರ್ತಿ ಹೋಗಿಲ್ಲ. ಮಾತ್ರೆಯನ್ನು ವೈದ್ಯರು ಮೆಲ್ಲಗೆ ಇಳಿಸುತ್ತಿದ್ದಾರೆ.

ವರ್ಷದ ತಪಾಸಣೆಗೆ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ಗೊತ್ತುಮಾಡಿಕೊಂಡರು. ಸೆಪ್ಟೆಂಬರ್ ಹೊತ್ತಿಗೆ ಮಳೆ ತಗ್ಗಿರುತ್ತದೆ, ಕೊಯ್ಲು ಇನ್ನೂ ದೂರ. ಥೈರಾಯ್ಡ್, ತೂಕ, ಬಿಪಿ, ಕಣ್ಣು, ಕಿವಿ, ಹಲ್ಲು, ಮಾತ್ರೆಗಳ ಮರುಪರಿಶೀಲನೆ. ಖರ್ಚಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಗೆ ಅರ್ಜಿ ಹಾಕಿಸಿದೆ. ವರ್ಷಕ್ಕೆ 1 ಲಕ್ಷದವರೆಗೆ, ಹೊರರೋಗಿ ಚಿಕಿತ್ಸೆಗೂ ಸಿಗುತ್ತದೆ. ಬಿಲ್ಲುಗಳನ್ನು ಕಳೆಯಬಾರದು, ನವೀಕರಣ ಮರೆಯಬಾರದು.

ಪರಿಚಯ ಹಾಳೆಯನ್ನು ತಾಯಿ ಹೇಳುತ್ತಾ ಹೋದಂತೆ ಮಗಳು ವೀಡಿಯೊ ಕರೆಯಲ್ಲಿ ಕೇಳಿ ಟೈಪ್ ಮಾಡಿದಳು. ಮಾತ್ರೆಗಳ ಹೆಸರು, ಮಿಲಿಗ್ರಾಂ, ಬೇಡ ಎನ್ನಲು ಅಂಗೈ ತಿರುವುತ್ತಾನೆ, ಹೆದರಿದರೆ ಕೊಡೆ ಕೊಟ್ಟರೆ ಸುಮ್ಮನಾಗುತ್ತಾನೆ. ನೋವು ಎನ್ನುವ ಸಾಲಿಗೆ ಬಂದಾಗ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆಸಿದರು: "ನೋವಾದರೆ ಅಳುವುದಿಲ್ಲ. ತಿನ್ನುವುದನ್ನು ಒಂದೊಂದಾಗಿ ಬಿಡುತ್ತಾನೆ."